ಅಂಬಿಗನ ಮನೆಯ ಸಾಬಮ್ಮ

ನನಗೆ ಸುಳ್ಳು ಹೇಳುವ ಚಟವಿಲ್ಲ. ಲೆಕ್ಕಕ್ಕೆ ಬರುವಂಥ ಸುಳ್ಳು ಹೇಳಿದ್ದು ಎರಡೇ, ಎರಡೂ ಒಂದೇ ಬೇಸಿಗೆಯಲ್ಲಿ. ಒಂದು ಪ್ರೇಮಕ್ಕನಿಗೆ, ನನಗೆ ಓದಲು ಬರುತ್ತದೆ ಎಂದು. ಇನ್ನೊಂದು ನನ್ನ ತಮ್ಮ ದುರ್ಗೇಶನಿಗೆ. ಮೊದಲನೆಯದನ್ನು ಹೇಳುವಾಗ ಸ್ವಲ್ಪ ನಾಚಿಕೆಯಾದರೂ ಆಗಿತ್ತು. ಎರಡನೆಯದು ಸುಳ್ಳೆಂದೇ ನನಗೆ ಅನ್ನಿಸಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಮಾತು. ನಾವು ಶಹಾಪುರದ ಕಡೆಯವರು, ಕೃಷ್ಣಾ ಹೊಳೆಯ ದಂಡೆಯ ಊರು. ಹಲಸೂರಿನ ಒಂದು ವಠಾರಕ್ಕೆ ಬಂದು ಆಗ ಹದಿನಾಲ್ಕು ವರ್ಷವಾಗಿತ್ತು. ಒಂದು ಕೋಣೆ, ಒಂದು ಅಡಿಗೆಮನೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ನನ್ನ ಗಂಡ ಬಸಣ್ಣ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಸ್ಟೋರಿನ ಕೆಲಸಕ್ಕಿದ್ದರು. ಅವರು ಮಾತು ಕಮ್ಮಿ, ಅವರ ಪಾಲಿನದನ್ನೂ ನಾನೇ ಆಡುತ್ತೇನೆ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದೆ. ಇಂದಿರಾನಗರದ ಆಫೀಸುಗಳಲ್ಲಿ ನಮ್ಮ ಕಡೆಯ ಹುಡುಗರು ಎಷ್ಟಿದ್ದರೆಂದರೆ, ಮಧ್ಯಾಹ್ನ ಒಂದಕ್ಕೆ ನನ್ನ ಬುಟ್ಟಿ ಖಾಲಿಯಾಗದ ದಿನವೇ ಇರಲಿಲ್ಲ.

ರಿಚರ್ಡ್ಸ್ ಟೌನಿನ ಪ್ರೇಮಕ್ಕನಿಗೆ ಭಾನುವಾರ ಬೆಳಿಗ್ಗೆ ರೊಟ್ಟಿ ಕೊಡುವುದು ಖಾಯಂ. ದಾವಣಗೆರೆಯವರು, ಹೈಸ್ಕೂಲು ಮೇಡಂ ಆಗಿ ರಿಟೈರಾದವರು. ಅವರ ಮನೆಯ ಹಾಲಿನಲ್ಲಿ ತಿಂಗಳ ಎರಡನೇ ಭಾನುವಾರ ಐದಾರು ಹೆಂಗಸರು ಸೇರುತ್ತಿದ್ದರು. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಅದರ ಬಗ್ಗೆ ಮಾತಾಡುವುದು. ಇಂಥದ್ದಕ್ಕೂ ಒಂದು ಸಂಘ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಆ ಬೇಸಿಗೆಯ ಶುರುವಿನಲ್ಲಿ, ಒಂದು ಭಾನುವಾರ ರೊಟ್ಟಿ ಕೊಡಲು ಹೋದಾಗ. ನಾನು ಬಾಗಿಲಲ್ಲಿ ನಿಂತು, ಯಾರೋ ಹೇಳುತ್ತಿದ್ದ ಕಥೆ ಕೇಳುತ್ತ ಮೈಮರೆತು, ಕಥೆಯೊಳಗಿನ ಅತ್ತೆಗೆ ಸರಿಯಾಗಿ ಬೈದುಬಿಟ್ಟೆ. ಎಲ್ಲರೂ ನಕ್ಕರು.

ಪ್ರೇಮಕ್ಕ ಕೇಳಿದರು, "ಜಟ್ಟೆಮ್ಮ, ನೀವೂ ಬರ್ರಲ್ಲ. ಎಷ್ಟನೇ ಕ್ಲಾಸ್ ಓದೀರಿ?"

"ಏಳನೇತ್ತ ಪಾಸ್ರಿ," ಎಂದೆ.

ಎರಡನೇತ್ತಕ್ಕೆ ಮೂರು ತಿಂಗಳು ಹೋಗಿದ್ದೆ ಅಷ್ಟೆ. ಅಪ್ಪ ಎಮ್ಮೆ ಕಾಯಲು ಹಚ್ಚಿದ. ಬಸ್ಸಿನ ನಂಬರು ಓದುತ್ತಿದ್ದೆ, ಬೋರ್ಡು ಓದಲು ಬರುತ್ತಿರಲಿಲ್ಲ. ಆದರೆ ಅಷ್ಟು ಹೆಂಗಸರು, ಅಷ್ಟು ಚೆಂದದ ಕಾಟನ್ ಸೀರೆಗಳು, ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಸೊಕ್ಕು, ಮತ್ತೇನಲ್ಲ.

ನನ್ನ ಅದೃಷ್ಟಕ್ಕೆ ಅಲ್ಲಿ ಪ್ರೇಮಕ್ಕನದೊಂದು ನಿಯಮವಿತ್ತು. ಮಾತಾಡುವಾಗ ಯಾರೂ ಪುಸ್ತಕ ತೆರೆಯುವಂತಿಲ್ಲ. ಎಲ್ಲ ಪುಸ್ತಕಗಳನ್ನೂ ಮುಚ್ಚಿ ಟೀಪಾಯಿಯ ಮೇಲಿಟ್ಟು, ಮನಸ್ಸಿಗೆ ತಾಗಿದ್ದನ್ನು ಬಾಯಲ್ಲಿ ಹೇಳಬೇಕು. "ನಲವತ್ತು ವರ್ಷ ಮಕ್ಕಳ ಹತ್ರ ಪಾಠ ಒಪ್ಪಿಸಿಕೊಂಡೀನಿ, ಸಾಕಾಗೇತಿ. ನೆನಪಲ್ಲಿ ಉಳಿದದ್ದಷ್ಟೇ ಓದು," ಎನ್ನುತ್ತಿದ್ದರು. ಬಾಯಲ್ಲಿ ಹೇಳುವುದಾದರೆ ನಾನು ಯಾರಿಗೆ ಕಮ್ಮಿ?

ಓದುವ ಕೆಲಸ ನನ್ನ ಮಗಳದು. ಪ್ರಿಯದರ್ಶಿನಿ ಮೊದಲು ಸೆಕೆಂಡ್ ಪಿಯುಸಿ ಪರೀಕ್ಷೆಗೆ ಓದುವ ರಜೆಯೆಂದು, ಆಮೇಲೆ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟು ಇರುತ್ತಿರಲಿಲ್ಲ. ತಗಡಿನ ಮಾಡು ಕಾದು ಕೋಣೆಯಲ್ಲಿ ಕೂತರೆ ಬೇಯುವಂತಾಗುತ್ತಿತ್ತು. ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಟವೆಲು ಹೊದ್ದು ನಾನು ಅಡ್ಡಾಗುತ್ತಿದ್ದೆ, ಅವಳು ಗೋಡೆಗೆ ಒರಗಿ ಓದುತ್ತಿದ್ದಳು. ಎಷ್ಟು ಚೆಂದ ಓದುತ್ತಿದ್ದಳೆಂದರೆ, ಗಂಡಸು ಮಾತಾಡಿದಾಗ ಗಂಡಸಿನ ದನಿ, ಮುದುಕಿ ಮಾತಾಡಿದಾಗ ಮುದುಕಿಯ ದನಿ. ಮಾರ್ಚ್ ತಿಂಗಳ ಪುಸ್ತಕ ಹೀಗೆ ಮುಗಿಯಿತು, ಏಪ್ರಿಲಿನದೂ ಮುಗಿಯಿತು. ಎರಡು ಸಲವೂ ನಾನು ಮಾತು ಮುಗಿಸುವಷ್ಟರಲ್ಲಿ ಎಲ್ಲರ ಚಹಾ ಆರಿಹೋಗಿತ್ತು. ಇಂದಿರಾನಗರದ ಯಾವುದೋ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಮಾಡುವ ರಶ್ಮಿ ಎಂಬ ಹುಡುಗಿ, "ಆಂಟಿ, ನಾವೆಲ್ಲ ಓದ್ತೀವಿ, ನೀವು ನೋಡ್ಕೊಂಡು ಬರ್ತೀರಾ," ಎಂದಳು. ಮನೆಗೆ ಬಂದು ಅದನ್ನು ಬಸಣ್ಣನಿಗೆ ನಾಲ್ಕು ಸಲ ಹೇಳಿದೆ.

ಮೇ ತಿಂಗಳ ಪುಸ್ತಕ ಕೈಗೆ ಬಂದಾಗ ಮನೆಯಲ್ಲಿ ಇನ್ನೊಂದು ಸಡಗರವೂ ಶುರುವಾಗಿತ್ತು. ಪ್ರಿಯಾಳನ್ನು ದುರ್ಗೇಶನಿಗೆ ಕೊಡುವುದೆಂದು ಮಾತಾಗಿ, ಮೇ ಎರಡನೇ ಸೋಮವಾರ ನಿಶ್ಚಯ ಗೊತ್ತಾಗಿತ್ತು. ನಮ್ಮಲ್ಲಿ ಸೋದರಮಾವನಿಗೆ ಕೊಡುವುದು ಹೊಸದೇನಲ್ಲ. ದುರ್ಗೇಶ ಶಹಾಪುರದಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ. ನನ್ನ ಮಾತಿನ ಮೇಲೆ ನಾಲ್ಕು ವರ್ಷದಿಂದ ಬಂದ ಹೆಣ್ಣುಗಳನ್ನೆಲ್ಲ ಬೇಡ ಎಂದು ಕೂತಿದ್ದ. ಅವನಿಗೆ ಇಪ್ಪತ್ತೊಂಬತ್ತು, ಇವಳಿಗೆ ಹದಿನೆಂಟು.

ಇಷ್ಟು ಹೇಳಿ ಸುಮ್ಮನಾಗಬಾರದು, ನಿಜವನ್ನೂ ಹೇಳುತ್ತೇನೆ. ಅಪ್ಪ ಅವ್ವ ಸತ್ತ ಮೇಲೆ ನನ್ನ ತವರೆಂದರೆ ದುರ್ಗೇಶ ಒಬ್ಬನೇ. ಅವನು ಹೊರಗಿನ ಹೆಣ್ಣು ತಂದ, ಅವಳು ಬಾಗಿಲು ಮುಚ್ಚಿದಳು ಎಂದಿಟ್ಟುಕೊಳ್ಳಿ, ನಾಗರ ಪಂಚಮಿಗೆ ಬಂದು ನನ್ನನ್ನು ತವರಿಗೆ ಕರೆದೊಯ್ಯುವವರು ಯಾರು? ಮಗಳೇ ಆ ಮನೆಯಲ್ಲಿದ್ದರೆ ನಾನು ಯಾವ ಹೊತ್ತಿಗೆ ಹೋದರೂ ಒಂದು ತಂಬಿಗೆ ನೀರು ನಗುತ್ತ ಸಿಗುತ್ತದೆ. ಹುಡುಗಿಗೆ ಒಳ್ಳೆಯದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಳ್ಳೆಯದು ನೋಡಿಕೊಂಡದ್ದು ನನಗೆ.

ಪ್ರಿಯಾ ಬೇಡವೆಂದಳು. ಮೊದಲ ಸಲ ನಾನು ಹಿಟ್ಟು ನಾದುವಾಗ, "ಅವ್ವ, ದುರ್ಗಾಮಾವ ಬೇಡ," ಎಂದಳು. "ಹಿಟ್ಟಿನ ಡಬ್ಬಿ ಈಕಡಿ ತಾ," ಎಂದೆ. ಎರಡನೇ ಸಲ ಪಕ್ಕದ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ. "ಮಾವನ ತೊಡೆ ಮೇಲೆ ಕೂತು ಊಟ ಮಾಡಿದೀನಿ ಅವ್ವ, ಅವ್ರನ್ನ ಹೇಗೆ ಹಾಗೆ ನೋಡ್ಲಿ?" ಎಂದಳು. "ಎಲ್ಲಾರೂ ಹಿಂಗ ಅಂತಾರ, ಆಮ್ಯಾಲ ಎರಡು ಮಕ್ಕಳಾಗ್ತಾವ," ಎಂದೆ. ಮೂರನೇ ಸಲ ಬೇಡ ಎಂದಷ್ಟೇ ಹೇಳಿ ಅತ್ತಳು. ನಾನು ರೇಗಿದೆ. "ಪಿಯುಸಿ ಓದಿದ್ದಕ್ಕ ಇಷ್ಟು ಕೊಬ್ಬು ಬಂದದ ನಿನಗ. ನಿಮ್ಮಪ್ಪನ ಮಾರಿ ನಾ ನೋಡಿದ್ದು ಮದುವ್ಯಾಗ ಅಕ್ಕಿಕಾಳು ಬಿದ್ದ ಮ್ಯಾಲ. ಸತ್ತೆನೇನು?" ಎಂದೆ. ಅವಳು ಎದ್ದು ಒಳಗೆ ಓಡಿದಳು.

ಅದೇ ಸಂಜೆ ಮೂಲೆಯ ಬೂತಿನಿಂದ ದುರ್ಗೇಶನಿಗೆ ಫೋನು ಮಾಡಿದೆ.

"ಅಕ್ಕಾ, ಹುಡುಗಿಗಿ ಕೇಳಿದಿಯಿಲ್ಲ? ಶಹರದಾಗ ಬೆಳೆದಾಳ. ಮನಸಿಲ್ಲಂದ್ರ ಹೇಳಿಬಿಡು, ನಾ ತಪ್ಪು ತಿಳ್ಕೊಳ್ಳಂಗಿಲ್ಲ," ಎಂದ.

"ಕೇಳೀನೋ ಮಾರಾಯ. ನಾಚ್ಕೊಂಡು ಒಳಗ ಓಡಿಹೋದಳು," ಎಂದೆ.

ಒಳಗೆ ಓಡಿಹೋದದ್ದು ನಿಜ. ನಾಚಿಕೆಯನ್ನು ನಾನು ಸೇರಿಸಿದೆ.

ಅದಾದ ಮೇಲೆ ಪ್ರಿಯಾ ಮದುವೆಯ ಮಾತೆತ್ತಲಿಲ್ಲ. ಹೇಳಿದ ಕೆಲಸ ಮಾಡಿಕೊಂಡು, ನಲ್ಲಿಯ ಸಾಲಿಗೆ ಕೊಡ ಇಟ್ಟುಕೊಂಡು, ಮಧ್ಯಾಹ್ನವಾದರೆ ಪುಸ್ತಕ ಹಿಡಿಯುತ್ತಿದ್ದಳು. ಹಾದಿಗೆ ಬಂದಳು ಎಂದುಕೊಂಡು ನಾನು ನಿಶ್ಚಯದ ಸೀರೆಗೆ ಕುಚ್ಚು ಕಟ್ಟಿಸಲು ಶಿವಾಜಿನಗರಕ್ಕೆ ಕೊಟ್ಟೆ.

ಆ ತಿಂಗಳ ಪುಸ್ತಕ ಒಬ್ಬ ಅಂಬಿಗನ ಕಥೆ. ಬ್ರಿಟಿಷರ ಕಾಲ, ಹೊಳೆಯ ದಂಡೆಯ ಊರು, ಚಂದ್ರಾಮಪ್ಪ ಎಂಬ ಅಂಬಿಗ. ಹೊಳೆಗೆ ಸೇತುವೆ ಕಟ್ಟಲು ಬರುತ್ತಾರೆ, ಸೇತುವೆಯಾದರೆ ದೋಣಿಗೆ ಯಾರು ಹತ್ತಬೇಕು? ಹೊಳೆ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಮೊದಲ ನಾಲ್ಕು ದಿನ ದೋಣಿ, ಸೇತುವೆ, ಇಂಜಿನಿಯರ್ ಸಾಹೇಬ ಇಷ್ಟೇ ಇತ್ತು. ಐದನೇ ದಿನ ಚಂದ್ರಾಮಪ್ಪನ ಮಗಳು ಬಂದಳು. ಸಾಬಮ್ಮ.

ದೋಣಿ ಬೇರೆ ಮನೆಗೆ ಹೋಗಬಾರದೆಂದು ಸಾಬಮ್ಮನನ್ನು ಚಂದ್ರಾಮಪ್ಪನ ಜೊತೆಗಾರ ಅಂಬಿಗನಿಗೇ ಕೊಡುವುದೆಂದು ಅವಳ ಅವ್ವ ಹಟ ಹಿಡಿಯುತ್ತಾಳೆ. ಅವನು ಕೆಟ್ಟವನಲ್ಲ. ಸಾಬಮ್ಮ ಏಳು ವರ್ಷದವಳಿದ್ದಾಗ ಅವಳ ಬೆನ್ನಿಗೆ ಡಬ್ಬಿ ಕಟ್ಟಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಈಜು ಕಲಿಸಿದವನು. ಅವಳಿಗೆ ಅವನೆಂದರೆ ಆ ಕೈ. ಹೆದರಬೇಡ ಮಗಾ, ನಾ ಹಿಡಕೊಂಡೀನಿ ಎಂದ ಕೈ. ಅದೇ ಕೈ ಈಗ ತನ್ನ ಕೊರಳಿಗೆ ತಾಳಿ ಕಟ್ಟುತ್ತದೆ ಎಂದು ನೆನೆಸಿಕೊಂಡರೆ ಅವಳಿಗೆ ಅನ್ನ ಸೇರುವುದಿಲ್ಲ. ಅವ್ವನಿಗೆ ಹೇಳುತ್ತಾಳೆ. ಅವ್ವ ಬಲೆ ಹೆಣೆಯುತ್ತ, "ಆ ದಾರದುಂಡೆ ಇತ್ತ ಕೊಡು," ಎನ್ನುತ್ತಾಳೆ.

"ಥೂ, ಅದೇನು ಹೆತ್ತ ಹೊಟ್ಟೆನ?" ಎಂದು ನಾನು ಎದ್ದು ಕೂತೆ. "ಹುಡುಗಿ ಬಾಯಿಬಿಟ್ಟು ಹೇಳಿದ್ರೂ ಕಿವಿಗಿ ಹಾಕ್ಕೊಳ್ಳಂಗಿಲ್ಲಲ್ಲ ಆ ಮೂಳಿ! ಎದುರಿಗಿದ್ದಿದ್ರ ಕಪಾಳಕ್ಕ ಹೊಡಿತಿದ್ದೆ."

ಪ್ರಿಯಾ ನನ್ನನ್ನೇ ನೋಡಿದಳು. ಆಮೇಲೆ ಪುಟ ಮಗುಚಿ, "ಮುಂದೆ ಓದ್ಲಾ?" ಎಂದಳು.

ಅಯ್ಯೋ, ನನ್ನ ಬುದ್ಧಿಗೆ ಮಂಕು ಕವಿದಿತ್ತೆಂದೇ ಹೇಳಬೇಕು. ಈಗ ಕೇಳಿದವರು, ಅಷ್ಟೂ ತಿಳಿಯಲಿಲ್ಲವೇ ನಿನಗೆ ಎನ್ನುತ್ತಾರೆ. ತಿಳಿಯಲಿಲ್ಲ. ಅಚ್ಚಾದ ಪುಸ್ತಕ, ಬೆಂಗಳೂರಿನ ಮೇಡಂ ಕೊಟ್ಟದ್ದು, ಅದರಲ್ಲಿ ನನ್ನ ಮನೆಯ ಮಾತು ಬರುತ್ತದೆಂದು ಯಾರು ನೆನೆಸುತ್ತಾರೆ? ನಮ್ಮ ಕಡೆಯ ಹೊಳೆಯನ್ನೇ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರಲ್ಲ ಎಂದು ಬರೆದವರನ್ನು ಹೊಗಳಿದೆ.

ಸಾಬಮ್ಮ ದಿನಾ ಸಂಜೆ ಹೊಳೆಗೆ ಹೋಗುತ್ತಿದ್ದಳು. ಘಟ್ಟದ ಮೆಟ್ಟಿಲ ಮೇಲೆ ನಿಲ್ಲುವುದು, ದಿನಕ್ಕೆ ಒಂದು ಮೆಟ್ಟಿಲು ಹೆಚ್ಚು ಇಳಿಯುವುದು. ಸೋಮವಾರ ಪಾದ ಮುಳುಗಿತು. ಮಂಗಳವಾರ ಮೀನಖಂಡ. ಈಜು ಬಲ್ಲವಳು, ಆದರೆ ಈಜುವುದಿಲ್ಲ, ಸುಮ್ಮನೆ ನಿಲ್ಲುತ್ತಾಳೆ. ನನಗೆ ರೊಟ್ಟಿ ಬಡಿಯುವಾಗಲೂ ಅದೇ ಧ್ಯಾನ. ಬುಧವಾರ ಮೊಳಕಾಲು, ಗುರುವಾರ ಸೊಂಟ. ಬಸಣ್ಣ ಊಟಕ್ಕೆ ಕೂತಾಗ, "ಆ ಹುಡುಗಿ ಏನು ಮಾಡ್ಕೋತದೋ ಏನೋ," ಎಂದೆ. ಅವರು ಗಾಬರಿಯಾಗಿ, "ಯಾವ ಹುಡುಗಿ?" ಎಂದರು. "ಪುಸ್ತಕದಾಗಿಂದು, ಉಣ್ರಿ," ಎಂದೆ. ಪ್ರಿಯಾ ಅಲ್ಲೇ ಸಾರು ಬಡಿಸುತ್ತಿದ್ದಳು.

ಶನಿವಾರ ನೀರು ಕುತ್ತಿಗೆಯವರೆಗೆ ಬಂತು. ಪ್ರಿಯಾ ಪುಸ್ತಕ ಮುಚ್ಚಿದಳು.

"ಮುಂದ?"

"ಇಷ್ಟೇ ಅವ್ವ ಇವತ್ತಿಗೆ. ಗಂಟಲು ಒಣಗಿದೆ."

"ನಾಳಿ ನಾ ಅಲ್ಲಿ ಹೇಳಬೇಕು. ಆಕಿ ಸಾಯ್ತಾಳೋ ಬದುಕ್ತಾಳೋ ಅದರ ಹೇಳು."

"ನೀನು ಇಲ್ಲಿವರೆಗೆ ಹೇಳು ಸಾಕು," ಎಂದಳು. ನಾನು ಗೊಣಗಿದೆ.

ಭಾನುವಾರ ಬೆಳಿಗ್ಗೆ ಊರಿನಿಂದ ಜನ ಬಂದಿಳಿದರು. ದುರ್ಗೇಶ, ಸೋದರತ್ತೆ ಲಕ್ಷ್ಮಿದೇವಿ, ಇನ್ನೂ ಆರು ಜನ. ಒಂದು ಬುಟ್ಟಿ ಮಾವಿನಹಣ್ಣು, ಒಂದು ಡಬ್ಬಿ ಕರದಂಟು. ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ದುರ್ಗೇಶ ಹೊಸ ಅಂಗಿ ಹಾಕಿಕೊಂಡು, ಎಲ್ಲಿ ಕೂರಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ನಿಂತಿದ್ದ. ಪ್ರಿಯಾ ಎಲ್ಲರಿಗೂ ಚಹಾ ಕೊಟ್ಟಳು, ಅವನಿಗೂ ಕೊಟ್ಟಳು. ಮನೆ ತುಂಬ ಬೀಗರನ್ನು ಬಿಟ್ಟು ಹೋಗುವ ಹೊತ್ತಲ್ಲ ಅದು. ಆದರೆ ಪ್ರೇಮಕ್ಕನವರನ್ನು ನಿಶ್ಚಯಕ್ಕೆ ಕರೆಯಬೇಕೆಂಬ ನೆಪ ನನಗಿತ್ತು. ಕುಂಕುಮದ ಬಟ್ಟಲು, ಪುಸ್ತಕ ಎರಡನ್ನೂ ಚೀಲದಲ್ಲಿಟ್ಟುಕೊಂಡು, "ಹನ್ನೆರಡರೊಳಗ ಬಂದೆ," ಎಂದು ಹೊರಟೆ.

ಟೀಪಾಯಿಯ ಮೇಲೆ ಎಲ್ಲರ ಪುಸ್ತಕಗಳೂ ಮುಚ್ಚಿ ಕೂತವು. ರಶ್ಮಿ ಸೇತುವೆಯ ಬಗ್ಗೆ ಏನೋ ಹೇಳಿದಳು. ಇನ್ನೊಬ್ಬರು ಇಂಜಿನಿಯರ್ ಸಾಹೇಬನ ಬಗ್ಗೆ ಹೇಳಿದರು. ಯಾರೂ ಸಾಬಮ್ಮನ ಸುದ್ದಿ ಎತ್ತುತ್ತಿಲ್ಲ. ಇವರಿಗೆಲ್ಲ ಕರುಳೇ ಇಲ್ಲವೇ ಎಂದು ನನಗೆ ಒಳಗೊಳಗೇ ಸಿಟ್ಟು. ನನ್ನ ಸರದಿ ಬಂದಾಗ ತಡೆಯಲಾಗಲಿಲ್ಲ.

"ಸೇತುವಿ ಹಾಳಾಗಿ ಹೋಗ್ಲಿ ಬಿಡ್ರಿ," ಎಂದೆ. "ಒಂದು ಹುಡುಗಿ ಕುತ್ತಿಗಿ ತನಕ ನೀರಾಗ ನಿಂತಾಳ, ಅದರ ಬಗ್ಗೆ ಒಬ್ಬರೂ ಮಾತಾಡವಲ್ರಿ. ನಂಗ ಸಿಟ್ಟು ಬಂದದ್ದು ಆ ಅವ್ವನ ಮ್ಯಾಲ. ಆಕಿಗಿ ಮಗಳು ಬ್ಯಾಡ್ರಿ, ದೋಣಿ ಬೇಕು. ತನ್ನ ಮನಿ ಬಾಗಿಲು ತೆರೆದಿರ್ಬೇಕಂತ ಮಗಳನ್ನ ಬಾಗಿಲಿಗಿ ಇಟ್ಟ ಕಲ್ಲು ಮಾಡ್ಯಾಳ. ಬೆನ್ನಿಗಿ ಎಣ್ಣಿ ಡಬ್ಬಿ ಕಟ್ಟಿ ಈಜು ಕಲಿಸ್ದಾವ ತಂದಿ ಸಮಾನ, ಅಂವನ್ನ ಗಂಡ ಅನ್ನು ಅಂದ್ರ ಹೆಂಗ ಅಂತಾಳ ಹೇಳ್ರಿ? ಹುಡುಗಿ ಮೂರು ಸಲ ಹೇಳ್ಯಾಳ್ರಿ. ಮೂರು ಸಲ!"

ನಾನು ಉಸಿರು ತೆಗೆದುಕೊಳ್ಳಲು ನಿಂತೆ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಜಟ್ಟೆಮ್ಮ," ಎಂದರು ಪ್ರೇಮಕ್ಕ ಮೆಲ್ಲಗೆ, "ಚಂದ್ರಾಮಪ್ಪನಿಗೆ ಮೂರು ಜನ ಗಂಡುಮಕ್ಕಳಲ್ಲೇನು? ಹೆಣ್ಣುಮಗಳು ಎಲ್ಲಿದಾಳೆ?"

"ಸಾಬಮ್ಮರಿ. ಐದನೇ ದಿನ ಬರ್ತಾಳಲ್ರಿ."

"ಐದನೇ ದಿನ?"

ರಶ್ಮಿ ನಗಲು ಹೋಗಿ ತಡೆದುಕೊಂಡಳು. "ಆಂಟಿ, ಬೇರೆ ಪುಸ್ತಕ ಏನಾದ್ರೂ ಮಿಕ್ಸ್ ಆಗಿದ್ಯಾ? ಎಣ್ಣೆ ಡಬ್ಬಿ ಅಂದ್ರಲ್ಲ, ಎಂಥ ಡಬ್ಬಿ?"

"ಅದೇವಾ, ಪ್ಲಾಸ್ಟಿಕ್ ಡಬ್ಬಿ. ಐದು ಲೀಟರಿಂದು, ಸೂರ್ಯಕಾಂತಿ ಎಣ್ಣಿದು..."

ಮಾತು ಅರ್ಧಕ್ಕೇ ನಿಂತಿತು. ಬ್ರಿಟಿಷರ ಕಾಲದಲ್ಲಿ ಪ್ಲಾಸ್ಟಿಕ್ ಡಬ್ಬಿ ಎಲ್ಲಿತ್ತು ಎಂದು ರಶ್ಮಿ ಕೇಳುವ ಮೊದಲೇ ನನಗೆ ಆ ಡಬ್ಬಿ ಕಂಡಿತು. ಹಳದಿ ಡಬ್ಬಿ. ಬಾಯಿಗೆ ಮುಚ್ಚಳ ಬಿಗಿದು, ಸೈಕಲ್ ಟ್ಯೂಬು ಕತ್ತರಿಸಿ ಹಿಡಿಕೆಗೆ ಕಟ್ಟಿ, ಏಳು ವರ್ಷದ ಪ್ರಿಯಾಳ ಬೆನ್ನಿಗೆ ಬಿಗಿಯುತ್ತಿದ್ದಾನೆ ದುರ್ಗೇಶ. ಬೇಸಿಗೆ ರಜೆಗೆ ತವರಿಗೆ ಹೋಗಿ ಘಟ್ಟದ ಮೇಲೆ ಬಟ್ಟೆ ಒಗೆಯುತ್ತ ಕೂತವಳು ನಾನೇ. "ಹೆದರಬ್ಯಾಡ ಮಗಾ, ನಾ ಹಿಡಕೊಂಡೀನಿ" ಎಂದು ಅವನು ಅಂದದ್ದನ್ನು ಕೇಳಿ ನಕ್ಕವಳು ನಾನೇ.

ಬಲೆ ಹೆಣೆಯುತ್ತ ದಾರದುಂಡೆ ಕೇಳಿದ ಆ ಮೂಳಿ, ಕಪಾಳಕ್ಕೆ ಹೊಡೆಯುತ್ತೇನೆಂದು ನಾನು ಎದ್ದು ಕೂತದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಹಿಂದೆಯೇ ಕುತ್ತಿಗೆಯವರೆಗಿನ ನೀರು.

"ಆಂಟಿ, ಎಲ್ಲಿದೆ ತೋರ್ಸಿ," ಎಂದು ರಶ್ಮಿ ಪುಸ್ತಕ ತೆಗೆದು ನನ್ನ ಕೈಗಿಟ್ಟಳು.

"ನಂಗ ಓದ್ಲಿಕ್ಕ ಬರಂಗಿಲ್ಲ," ಎಂದೆ. ಮೂರು ತಿಂಗಳು ಬಚ್ಚಿಟ್ಟದ್ದು ಒಂದು ಉಸಿರಿಗೆ ಹೊರಬಿತ್ತು. "ಒಂದು ಅಕ್ಷರನೂ ಬರಂಗಿಲ್ಲ. ನನ್ನ ಮಗಳು ಓದಿ ಹೇಳ್ತಾಳ. ಈ ಸಲ ಆಕಿ... ನಾ ಹೋಗ್ಬೇಕ್ರಿ."

ಯಾರು ಏನಂದರೋ ನೆನಪಿಲ್ಲ. ಕುಂಕುಮದ ಬಟ್ಟಲನ್ನು ಅಲ್ಲೇ ಬಿಟ್ಟು ಬಂದಿದ್ದೆ. ಕೋಲ್ಸ್ ಪಾರ್ಕಿನ ಹತ್ತಿರ ಸಿಕ್ಕ ಆಟೋದವನು, "ಎಂಗಮ್ಮಾ?" ಎಂದು ತಮಿಳಿನಲ್ಲಿ ಎಲ್ಲಿಗೆಂದು ಕೇಳಿದ. "ಹಲಸೂರು, ಜಲ್ದಿ ಹೋಗಪ್ಪ," ಎಂದು ಹತ್ತಿದೆ. ಹಲಸೂರು ಕೆರೆಯ ಪಕ್ಕ ಹಾಯುವಾಗ ಆ ಕಡೆ ನೋಡಬಾರದೆಂದುಕೊಂಡೆ, ನೋಡಿದೆ. ದಡದಲ್ಲಿ ಯಾರೋ ನಾಲ್ಕು ಜನ ಗುಂಪಾಗಿ ನಿಂತಿದ್ದರು. ಗಾಳ ಹಾಕಿ ಮೀನು ಹಿಡಿಯುತ್ತಿದ್ದರು, ಅಷ್ಟೆ.

ಮನೆಯ ಬಾಗಿಲಲ್ಲಿ ಲಕ್ಷ್ಮಿದೇವಿ ಅತ್ತೆ ಮಲ್ಲಿಗೆ ಮೊಗ್ಗು ಕಟ್ಟುತ್ತ ಕೂತಿದ್ದಳು.

"ಪ್ರಿಯಾ ಎಲ್ಲಿ?"

"ನೀರಿಗಿ ಹೋಗ್ಯಾಳ," ಎಂದಳು ಅತ್ತೆ, ತಲೆ ಎತ್ತದೆ.

"ಯಾವ ನೀರಿಗಿ?"

"ಯಾವ ನೀರಂದ್ರ? ನಿಮ್ಮ ನಳದಾಗ ನೀರು ನಿಂತದಂತಲ್ಲ, ಹಿಂದಿನ ಓಣ್ಯಾಗ ಟ್ಯಾಂಕರ್ ಬಂದದ."

ಚಪ್ಪಲಿ ಒಂದು ಎಲ್ಲೋ ಬಿತ್ತು. ಹಿಂದಿನ ಓಣಿಯಲ್ಲಿ ಮೂವತ್ತು ಕೊಡಗಳ ಸಾಲು, ನೆತ್ತಿ ಸುಡುವ ಬಿಸಿಲು. ಹೆಂಗಸರು ಕನ್ನಡ, ತಮಿಳು, ಉರ್ದು ಎಲ್ಲದರಲ್ಲೂ ಜಗಳವಾಡುತ್ತಿದ್ದರು. ಸಾಲಿನ ಕೊನೆಗೆ ಎರಡು ಹಸಿರು ಕೊಡಗಳ ನಡುವೆ ನಿಂತಿದ್ದಳು ನನ್ನ ಮಗಳು. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದಿದ್ದರು, ಕೈಗೆ ಹಸಿರು ಬಳೆ ಇಡಿಸಿದ್ದರು. ಅವಳನ್ನು ಕಂಡು ನನಗೆ ಅಳು ಬಂತು. ಬೀದಿ ಎಂದೂ ನೋಡದೆ ಅತ್ತೆ.

"ಅವ್ವ, ಏನಾಯ್ತು? ಚಪ್ಪಲಿ ಎಲ್ಲಿ?"

"ಆ ಅಂಬಿಗಗ ಮೂರು ಗಂಡುಮಕ್ಕಳಂತ," ಎಂದೆ.

ಪ್ರಿಯಾ ತಲೆ ತಗ್ಗಿಸಿದಳು. ಸಾಲು ಒಂದು ಕೊಡದಷ್ಟು ಮುಂದೆ ಸರಿಯಿತು. ಅವಳು ಕಾಲಿನಿಂದ ತನ್ನ ಕೊಡಗಳನ್ನು ಮುಂದೆ ತಳ್ಳಿದಳು.

"ನೇರ ನಂಗ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ನಲ್ಲ ಅವ್ವ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಮೂರು ಸಲ ಹೇಳ್ದೆ. ನಾನು ಹೇಳಿದ್ರೆ ಕೊಬ್ಬು ಅಂದೆ. ಸಾಬಮ್ಮ ಹೇಳಿದ್ರೆ ಎದ್ದು ಕೂತ್ಕೊಂಡು ಅವಳ ಅವ್ವನ್ನ ಬೈದೆ. ಅವಳಿಗಾದ್ರೂ ಅವ್ವ ಸಿಕ್ಕಿದ್ಲಲ್ಲ ಅನ್ಕೊಂಡು ದಿನಾ ಓದ್ದೆ."

ಒಂದು ಕೊಡವನ್ನು ನಾನು ಎತ್ತಿಕೊಂಡೆ. ಕೊನೆಗೆ ನನ್ನನ್ನು ತಿನ್ನುತ್ತಿದ್ದುದನ್ನೇ ಕೇಳಿದೆ.

"ಆಕಿ ನೀರಿಂದ ಎದ್ದು ಬರ್ತಾಳಿಲ್ಲ?"

"ಅವ್ವ ಕರೆದ್ರೆ ಬರ್ತಾಳೆ," ಎಂದಳು ಪ್ರಿಯಾ. ಆಮೇಲೆ ಬೇರೆ ಕಡೆ ನೋಡುತ್ತ, "ಕರೀತಾಳೋ ಇಲ್ವೋ ಗೊತ್ತಿರಲಿಲ್ಲ. ಅದಕ್ಕೇ ನಿನ್ನೆ ನಿಲ್ಲಿಸ್ದೆ," ಎಂದಳು.

ಕೊಡ ತುಂಬಿಸಿಕೊಂಡು ಇಬ್ಬರೂ ಮನೆಗೆ ಬಂದೆವು. ಒಂದು ಅವಳ ಸೊಂಟದಲ್ಲಿ, ಒಂದು ನನ್ನ ಸೊಂಟದಲ್ಲಿ. ಬಸಣ್ಣ ಹೋಳಿಗೆಗೆ ಬೇಳೆ ತಂದು ಆಗಷ್ಟೇ ಕೂತಿದ್ದರು. ದುರ್ಗೇಶ ಯಾರೂ ಹೇಳದೆಯೇ ನಮ್ಮ ಕೆಟ್ಟ ಫ್ಯಾನನ್ನು ಇಳಿಸಿ, ತಂತಿ ಬಿಚ್ಚಿ ನೆಲದ ಮೇಲೆ ಹರಡಿಕೊಂಡಿದ್ದ. ನಾನು ಕೊಡ ಇಳಿಸಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಹೇಳಲಾರೆನೆಂದು ನನಗೆ ಗೊತ್ತಿತ್ತು.

"ದುರ್ಗಾ, ಈ ನಿಶ್ಚಯ ಬ್ಯಾಡ. ಹುಡುಗಿಗಿ ಮನಸಿಲ್ಲ," ಎಂದೆ.

ಲಕ್ಷ್ಮಿದೇವಿ ಅತ್ತೆಯ ಕೈಯಿಂದ ಮೊಗ್ಗು ಚೆಲ್ಲಿದವು. "ಏನಂದಿ? ಬೀಗರು ಬಂದು ಕುಂತ ಮ್ಯಾಲ ಬ್ಯಾಡಂತೀಯ? ನಾಲಿಗಿಗಿ ಎಲುಬಿಲ್ಲೇನು ನಿನಗ?" ಎಂದು ಎದ್ದಳು. ಉಳಿದವರೂ ಎದ್ದರು. ಅವರೆಲ್ಲ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರ ಜಾಗದಲ್ಲಿದ್ದರೆ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಅನ್ನುತ್ತಿದ್ದೆ. ಬಸಣ್ಣ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಮಗಳ ಪಕ್ಕ ನಿಂತರು.

ಫ್ಯಾನನ್ನು ಬಿಚ್ಚಿ ಬಿಟ್ಟು ಹೋಗುವವನಲ್ಲ ದುರ್ಗೇಶ. ಅತ್ತೆ ಬೈಯುತ್ತಿದ್ದಂತೆಯೇ ತಂತಿ ಕೂಡಿಸಿ, ಸ್ಕ್ರೂ ಬಿಗಿದು, ಸ್ಟೂಲು ಹತ್ತಿ ಮೇಲೆ ತೂಗುಹಾಕಿದ. ಸ್ವಿಚ್ಚು ಹಾಕಿ ತಿರುಗುತ್ತದೆಯೇ ಎಂದು ನೋಡಿದ. ತಿರುಗಿತು. ಕೈ ಒರೆಸಿಕೊಂಡು ಪ್ರಿಯಾಳ ಹತ್ತಿರ ಹೋದ.

"ಈಜು ಮರ್ತಿಲ್ಲಲ್ಲ ಮಗಾ?" ಎಂದ.

"ಇಲ್ಲ ಮಾವ," ಎಂದು ಅವಳು ಬಿಕ್ಕಿದಳು. ಅವನು ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದ.

ಚೀಲ ಹಿಡಿದು ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗಿದ. ಬೈಯಲಿ, ಹೊಡೆಯಲಿ ಎಂದು ನಾನು ಕಾದಿದ್ದೆ.

"ಫೋನಿನ್ಯಾಗ ನಾ ಕೇಳಿದ್ನಲ್ಲಕ್ಕಾ," ಎಂದ. "ನೀ ಕೇಳೀನಿ ಅಂದಿ."

"ದುರ್ಗಾ, ಪಂಚಮಿಗಿ..." ಎಂದೆ. ಅವನು ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಹೊರಟುಹೋದ.

ಮುಂದಿನ ಚಳಿಗಾಲದಿಂದ ಪ್ರೇಮಕ್ಕ ನನಗೆ ಅಕ್ಷರ ಕಲಿಸಿದರು. ಬೈಸಿಕೊಂಡು ಬೈಸಿಕೊಂಡು ಕಲಿತೆ. ಆ ಅಂಬಿಗನ ಪುಸ್ತಕವನ್ನು ನಾನೇ ಬೆರಳಿಟ್ಟು ಪೂರ್ತಿ ಓದಿದ್ದೇನೆ. ಗಂಡುಮಕ್ಕಳು ಮೂವರು ಇದ್ದಾರೆ, ಸೇತುವೆ ಇದೆ, ಚಂದ್ರಾಮಪ್ಪನ ಹೆಂಡತಿಗೆ ಅದರಲ್ಲಿ ಎರಡೇ ಮಾತು. ಪ್ರಿಯಾ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಹೋಗುತ್ತಾಳೆ. ನನಗೆ ಈಗಲೂ ಓದಿ ಹೇಳು ಎಂದರೆ, "ನಿಂಗೇ ಬರತ್ತಲ್ಲ, ಓದ್ಕೋ," ಎಂದು ನಗುತ್ತಾಳೆ. ದುರ್ಗೇಶನ ಮದುವೆ ಮರುವರ್ಷ ಆಯಿತಂತೆ. ಹುಡುಗಿ ಬಹಳ ಒಳ್ಳೆಯವಳಂತೆ, ಬಂದವರಿಗೆಲ್ಲ ನೀರು ಕೊಟ್ಟು ಮಾತಾಡಿಸುತ್ತಾಳಂತೆ.

ನಾಲ್ಕು ಪಂಚಮಿ ಕಳೆದವು. ಪ್ರತಿ ಸಲವೂ ಜೋಳದ ಅಳ್ಳು ಹುರಿದು, ಉಂಡೆ ಕಟ್ಟಿ, ಸೀರೆ ಉಟ್ಟು ಬಾಗಿಲಲ್ಲಿ ಕೂರುತ್ತೇನೆ. ಹೊತ್ತು ಮುಳುಗುವಾಗ ಪ್ರಿಯಾ ಬಂದು ಒಳಗೆ ಕರೆಯುತ್ತಾಳೆ. ಕರೆದರೆ ಎದ್ದು ಹೋಗುತ್ತೇನೆ.